ಜಲಾಶಯದ ಮಟ್ಟವನ್ನು ಫೋಟೊ ಮಾಡಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ನಾನು ಮೊದಲು ನೋಡುವುದು ಮುಖಪುಟವನ್ನಲ್ಲ, ಒಳಗಡೆ ಮೂಲೆಯಲ್ಲಿರುವ ‘ಜಲಾಶಯಗಳ ಮಟ್ಟ’ ಎಂಬ ಪುಟ್ಟ ಪಟ್ಟಿಯನ್ನು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಇದು ನನ್ನೊಬ್ಬನ ಚಟ ಅಲ್ಲ. ಲಿಂಗನಮಕ್ಕಿಗೆ ಎಷ್ಟು ಬಂತು, ಗಾಜನೂರಿನ ತುಂಗಾ ಕಟ್ಟೆಯಲ್ಲಿ ಎಷ್ಟು ಗೇಟ್ ಎತ್ತಿದರು, ಈ ವರ್ಷ ಭದ್ರಾ ತುಂಬುತ್ತಾ ಇಲ್ವಾ ಅನ್ನುವುದು ಚಹಾದಂಗಡಿಯಿಂದ ಹಿಡಿದು ಸೊಸೈಟಿ ಜಗಲಿಯವರೆಗೆ ನಡೆಯುವ ಮಾತು. ಅಚ್ಚಾದ ಪತ್ರಿಕೆಯಲ್ಲಿ ಆ ಪಟ್ಟಿ ಚೆನ್ನಾಗಿಯೇ ಇದೆ. ನನ್ನ ತಕರಾರು ನಿಮ್ಮ ವೆಬ್‌ಸೈಟಿನ ಬಗ್ಗೆ. ಅಲ್ಲಿ ಅದೇ ಪಟ್ಟಿಯನ್ನು ಫೋಟೊ ಮಾಡಿ ಅಂಟಿಸುತ್ತೀರಿ. ಮೊಬೈಲಿನಲ್ಲಿ ಅಕ್ಷರ ಓದಲಾಗದಷ್ಟು ಸಣ್ಣ, ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಮಸುಕು. ಹುಡುಕಿದರೆ ಸಿಗುವುದಿಲ್ಲ. ನಿನ್ನೆಯದರ ಜೊತೆ ಹೋಲಿಸಲು ಆಗುವುದಿಲ್ಲ. ಕಣ್ಣು ಕಾಣದವರಿಗೆ ಅವರ ಫೋನ್ ಅದನ್ನು ಓದಿ ಹೇಳುವುದೂ ಇಲ್ಲ.

ನಾನು ಸಾಗರದ ಹತ್ತಿರದ ಊರಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಇಂಥ ಚಿತ್ರಗಳನ್ನು ವೆಬ್‌ಗಾಗಿ ಕೋಡ್‌ನಲ್ಲಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಮುಟ್ಟಿದರೆ ವಿವರ ತೆರೆಯುವ, ಎಳೆದರೆ ಅಂಕಿ ಬದಲಾಗುವ ಚಿತ್ರಗಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಜಾಗ ಸಾಲದಿದ್ದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಮೊದಲು ಆ ಪಟ್ಟಿಯನ್ನೇ ನೋಡಿ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ. ಭದ್ರಾ, 186 ಅಡಿ. ತುಂಗಾ, 588.24 ಮೀಟರ್. ಮೂರೂ ಒಂದರ ಕೆಳಗೊಂದು. ಓದುವವರು ಇದರಿಂದ ಏನು ತಿಳಿಯಬೇಕು? ಲಿಂಗನಮಕ್ಕಿಯ 1819 ಸಮುದ್ರ ಮಟ್ಟದಿಂದ ಎಣಿಸಿದ ಲೆಕ್ಕ, ನೀರಿನ ಆಳ ಅಲ್ಲ. ಕಟ್ಟೆಯ ಎತ್ತರ ಇರುವುದೇ ಇನ್ನೂರು ಅಡಿ ಆಸುಪಾಸು. ಭದ್ರಾದ 186 ಹಾಗಲ್ಲ, ಅದು ಅಲ್ಲಿಯದೇ ಅಳತೆಪಟ್ಟಿಯ ಲೆಕ್ಕ. ತುಂಗೆಯದು ಮತ್ತೆ ಸಮುದ್ರ ಮಟ್ಟದಿಂದಲೇ, ಆದರೆ ಮೀಟರಿನಲ್ಲಿ. ಮೂರು ಜಲಾಶಯ, ಮೂರು ಅಳತೆ, ಒಂದೇ ಕಾಲಂ.

ಲಿಂಗನಮಕ್ಕಿ 1760 ಅಡಿ ಅಂತ ಬಂದ ದಿನ ನಮ್ಮ ದೊಡ್ಡಪ್ಪ ‘ಇನ್ನು ಅರವತ್ತು ಅಡಿ ಅಷ್ಟೇ ಮಾರಾಯ, ತುಂಬಿದ ಹಾಗೇ’ ಅಂದರು. ಪಟ್ಟಿ ನೋಡಿದ ಯಾರಿಗೇ ಆದರೂ ಹಾಗೇ ಅನ್ನಿಸುತ್ತದೆ, ಯಾಕೆಂದರೆ 1819ಕ್ಕೆ 1760 ಅಂದರೆ ಶೇ 96ಕ್ಕೂ ಜಾಸ್ತಿ. ಆದರೆ ಆ ಮಟ್ಟದಲ್ಲಿ ಜಲಾಶಯದಲ್ಲಿ ಅರ್ಧ ನೀರೂ ಇರುವುದಿಲ್ಲ. ಕಣಿವೆ ಕೆಳಗೆ ಕಿರಿದು, ಮೇಲೆ ಹೋದ ಹಾಗೆ ಅಗಲಕ್ಕೆ ಹರಡಿಕೊಳ್ಳುತ್ತದೆ. ತಳದ ಒಂದು ಅಡಿ ಏರಲು ಬೇಕಾದ ನೀರಿಗಿಂತ ಮೇಲಿನ ಒಂದು ಅಡಿ ಏರಲು ಎಷ್ಟೋ ಪಟ್ಟು ಜಾಸ್ತಿ ನೀರು ಬೇಕು. 151 ಟಿಎಂಸಿ ಚಿಲ್ಲರೆಯ ಆ ಜಲಾಶಯದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಇರುವುದು ದೊಡ್ಡಪ್ಪ ‘ಅಷ್ಟೇ’ ಅಂದ ಅರವತ್ತು ಅಡಿಯಲ್ಲೇ.

ಇದನ್ನು ಒಂದು ಪ್ಯಾರಾದಲ್ಲಿ ಬರೆದರೆ ನನಗೇ ಓದಲು ಬೇಜಾರು. ಅದೇ ಕಣಿವೆಯ ಅಡ್ಡ ಸೀಳಿಕೆಯ ಚಿತ್ರ ಬರೆದು, ನೀರಿನ ಗೆರೆಯನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆಯಲು ಬಿಡಿ. ಎಡಗಡೆ ಅಡಿ ಏರಲಿ, ಬಲಗಡೆ ಟಿಎಂಸಿ ಏರಲಿ. ಗೆರೆ ಮೇಲೆ ಹೋದ ಹಾಗೆ ಎಡಗಡೆಯ ಅಂಕಿ ನಿಧಾನಕ್ಕೆ, ಬಲಗಡೆಯದ್ದು ದಡದಡನೆ ಓಡುವುದನ್ನು ಒಮ್ಮೆ ನೋಡಿದವರು ಆ ಪಟ್ಟಿಯನ್ನು ಮತ್ತೆ ಮೊದಲಿನ ಹಾಗೆ ಓದುವುದಿಲ್ಲ.

ಒಳಹರಿವಿನದ್ದೂ ಇದೇ ಕಥೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 2,830 ಕೋಟಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ದಿನವಿಡೀ ಹನ್ನೊಂದೂವರೆ ಸಾವಿರ ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಅಂತ ಅಂದಾಜು ಹಾಕಬಹುದು. ಈಗ ತುಂಗೆ ನೋಡಿ. ಗಾಜನೂರಿನ ಜಲಾಶಯದ ಒಟ್ಟು ಸಾಮರ್ಥ್ಯ 3.24 ಟಿಎಂಸಿ. 40 ಸಾವಿರ ಕ್ಯೂಸೆಕ್ ಒಂದು ದಿನ ಬಂದರೆ ಮೂರೂವರೆ ಟಿಎಂಸಿ ಹತ್ತಿರ ಆಗುತ್ತದೆ, ಅಂದರೆ ಬರಿದಾಗಿದ್ದರೂ ಒಂದೇ ದಿನದಲ್ಲಿ ತುಂಬಿ ಗೇಟ್ ಎತ್ತಬೇಕು. ಅಷ್ಟೇ ನೀರು ದಿನಾ ಬಂದರೂ ಲಿಂಗನಮಕ್ಕಿಗೆ ಹತ್ತಿರ ಹತ್ತಿರ ಒಂದೂವರೆ ತಿಂಗಳು ಬೇಕು. ‘ಗಾಜನೂರು ಜೂನ್‌ನಲ್ಲೇ ತುಂಬ್ತು, ಇದ್ಯಾಕೆ ಇನ್ನೂ ತುಂಬಲಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡು ಜಲಾಶಯಗಳನ್ನು ಒಂದೇ ಅಳತೆಯಲ್ಲಿ ಪಕ್ಕ ಪಕ್ಕ ಬರೆದು, ‘ಇವತ್ತಿನ ಹರಿವು’ ಅಂತ ಒಂದು ಸ್ಲೈಡರ್ ಇಟ್ಟರೆ ಸಾಕು.

ಶರಾವತಿಯದು ಇನ್ನೂ ದೊಡ್ಡ ಚಿತ್ರ, ನನಗೆ ತುಂಬಾ ಆಸೆ ಇರುವುದೂ ಅದರ ಮೇಲೆಯೇ. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಬರುತ್ತದೆ. ಲಿಂಗನಮಕ್ಕಿಯಿಂದ ತಲಕಳಲೆಗೆ. ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ. ಆಮೇಲೆ ಗೇರುಸೊಪ್ಪ, ಅಲ್ಲೂ ವಿದ್ಯುತ್, ಕೊನೆಗೆ ಹೊನ್ನಾವರದ ಕಡಲು. ಇಷ್ಟು ವರ್ಷ ಇಲ್ಲೇ ಇದ್ದರೂ ಈ ಸರಪಳಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಚಿತ್ರದಲ್ಲಿ ಕನ್ನಡದಲ್ಲಿ ನೋಡಿದ ನೆನಪು ನನಗಿಲ್ಲ. ತಲಕಳಲೆ ಮೇಲೆ, ಗೇರುಸೊಪ್ಪ ಕೆಳಗೆ ಇಟ್ಟುಕೊಂಡು ಮಾಡಲು ಹೊರಟಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮತ್ತೆ ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ) ಯೋಜನೆ ಬಗ್ಗೆ ಪರ ವಿರೋಧ ಎಷ್ಟು ಬರೆದಿದ್ದೀರಿ! ಬೇಕು ಅನ್ನುವವರೂ ಬೇಡ ಅನ್ನುವವರೂ ಆ ಚಿತ್ರ ಕಣ್ಣ ಮುಂದೆ ಇಟ್ಟುಕೊಂಡು ಜಗಳ ಆಡಿದರೆ ಜಗಳಕ್ಕಾದರೂ ಒಂದು ಬೆಲೆ ಬರುತ್ತದೆ, ಅಲ್ವಾ?

ಇದಕ್ಕೆಂದೇ ಒಂದು ಬಗೆಯ ಚಿತ್ರ ಇದೆ. ಸ್ಯಾಂಕಿ ಚಿತ್ರ ಅನ್ನುತ್ತಾರೆ. ಐರ್ಲೆಂಡ್ ಮೂಲದ ಎಂಜಿನಿಯರ್ ಸ್ಯಾಂಕಿ 1898ರಲ್ಲಿ ಉಗಿ ಯಂತ್ರದ ಶಾಖ ಎಲ್ಲೆಲ್ಲಿ ಸೋರಿ ಹೋಗುತ್ತದೆ ಎಂದು ತೋರಿಸಲು ಬಳಸಿದ್ದು. ಒಂದೊಂದು ಹರಿವಿಗೂ ಒಂದೊಂದು ಪಟ್ಟೆ, ಹರಿವು ಎಷ್ಟೋ ಪಟ್ಟೆಯ ದಪ್ಪ ಅಷ್ಟು, ಅಷ್ಟೇ ನಿಯಮ. ನೀರಿಗೆ ಇದಕ್ಕಿಂತ ಒಪ್ಪುವ ಚಿತ್ರ ಬೇರೆ ಇಲ್ಲ. ಬೇಸಿಗೆಯಲ್ಲಿ ನೂಲಿನ ಹಾಗಿರುವ ಗೆರೆ ಜುಲೈನಲ್ಲಿ ಹಗ್ಗವಾಗುವುದನ್ನು ತಿಂಗಳ ಗುಂಡಿ ಒತ್ತಿ ಒತ್ತಿ ನೋಡಬಹುದು.

ಈಗ ನೀವು ಕೇಳುವುದು ಗೊತ್ತು. ಇದಕ್ಕೆಲ್ಲ ಖರ್ಚು ಎಷ್ಟು, ಮಾಡುವವರು ಯಾರು?

ಸಾಫ್ಟ್‌ವೇರ್‌ಗೆ ಖರ್ಚಿಲ್ಲ. ಡಿ3 ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇದೆ, ಅಂದರೆ ಬ್ರೌಸರಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ಬರೆದಿಟ್ಟ ಕೋಡಿನ ಕಟ್ಟು. ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕ್ ಬೋಸ್ಟಾಕ್, ಜೆಫ್ರಿ ಹೀರ್, ವಾಡಿಮ್ ಒಗಿಯೆವೆಟ್‌ಸ್ಕಿ ಸೇರಿ 2011ರಲ್ಲಿ ಬಿಟ್ಟದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಪತ್ರಿಕೆಯವರೂ ಸಹ. ಬೋಸ್ಟಾಕ್ ಆಮೇಲೆ ನ್ಯೂಯಾರ್ಕ್ ಟೈಮ್ಸ್‌ನಲ್ಲೇ ಗ್ರಾಫಿಕ್ಸ್ ಕೆಲಸ ಮಾಡಿದರು. ಪತ್ರಿಕೆಯ ಕೆಲಸಕ್ಕೆ ಇದು ಒಗ್ಗಲ್ಲ ಅಂತ ಯಾರಾದರೂ ಅಂದರೆ ಇಷ್ಟು ಹೇಳಿ ಸಾಕು. ಡಿ3ರ ಒಳಗುಟ್ಟು ಒಂದೇ: ನಿಮ್ಮ ಪಟ್ಟಿಯ ಒಂದೊಂದು ಸಾಲನ್ನೂ ಚಿತ್ರದ ಒಂದೊಂದು ಆಕಾರಕ್ಕೆ ಕಟ್ಟಿಹಾಕುತ್ತದೆ. ‘ಲಿಂಗನಮಕ್ಕಿಯಿಂದ ತಲಕಳಲೆಗೆ ಇಷ್ಟು’ ಅನ್ನುವುದು ಒಂದು ಸಾಲು, ಚಿತ್ರದಲ್ಲಿ ಒಂದು ಪಟ್ಟೆ. ನಾಳೆ ಅಂಕಿ ಬದಲಾದರೆ ಆ ಪಟ್ಟೆಯ ದಪ್ಪ ತಾನೇ ಬದಲಾಗುತ್ತದೆ. ಹೊಸ ಸಾಲು ಬಂದರೆ ಹೊಸ ಪಟ್ಟೆ ಮೂಡುತ್ತದೆ, ಸಾಲು ತೆಗೆದರೆ ಪಟ್ಟೆಯೂ ಹೋಗುತ್ತದೆ. ಯಾರೂ ದಿನಾ ಕೂತು ಚಿತ್ರ ತಿದ್ದಬೇಕಾಗಿಲ್ಲ. ಸ್ಯಾಂಕಿ ಚಿತ್ರದಲ್ಲಿ ಯಾವ ಪಟ್ಟೆ ಎಲ್ಲಿ ಕೂರಬೇಕು ಎಂಬ ಲೆಕ್ಕಕ್ಕೂ ಅದರದೇ ಒಂದು ತುಣುಕು ಸಿಗುತ್ತದೆ.

ಸುಳ್ಳು ಹೇಳುವುದಿಲ್ಲ, ಡಿ3 ಕಲಿಯುವುದು ಸುಲಭ ಅಲ್ಲ. ಅದರಲ್ಲಿ ರೆಡಿಮೇಡ್ ಚಿತ್ರ ಇಲ್ಲ, ಚಿತ್ರ ಕಟ್ಟುವ ಸಾಮಾನು ಮಾತ್ರ ಇದೆ. ‘ಒಂದು ಗ್ರಾಫ್ ಕೊಡು’ ಅಂದರೆ ಅದು ಕೊಡುವುದಿಲ್ಲ. ಅಕ್ಷಕ್ಕೆ ಬೇರೆ ಹೇಳಬೇಕು, ಅಳತೆಗೆ ಬೇರೆ ಹೇಳಬೇಕು, ಬಣ್ಣಕ್ಕೆ ಬೇರೆ. ಹಾಗಂತ ಎಲ್ಲದಕ್ಕೂ ಡಿ3ನೇ ಬೇಕೆಂದಿಲ್ಲ. ಯಾವ ಅರ್ಜಿ ಯಾವ ಕಚೇರಿಗೆ ಹೋಗುತ್ತದೆ ಎಂಬಂಥ ಚಿತ್ರಕ್ಕೆ ಮರ್ಮೇಡ್ ಎಂಬ ಸಾಧನ ಸಾಕು, ಸಾಲು ಸಾಲಾಗಿ ಹೆಸರು ಬರೆದು ನಡುವೆ ಬಾಣದ ಗುರುತು ಹಾಕಿದರೆ ಅದೇ ಚಿತ್ರ ಮಾಡಿಕೊಡುತ್ತದೆ. ನಕ್ಷೆಗೆ ಲೀಫ್‌ಲೆಟ್ ಇದೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಓದಿದ ಹುಡುಗ ಹುಡುಗಿಯರಿಗೆ ಬರವೇ? ಬೆಂಗಳೂರಿನ ಬಸ್ಸು ಹತ್ತುವ ಮೊದಲು ಕೈಯಲ್ಲಿ ತೋರಿಸಲು ಏನಾದರೂ ಕೆಲಸ ಬೇಕು ಅಂತ ಕಾಯುತ್ತಿರುತ್ತಾರೆ. ಅವರಿಗೆ ಬಿಟ್ಟಿ ಕೆಲಸ ಕೊಡಿ ಅಂತ ಮಾತ್ರ ನಾನು ಹೇಳುತ್ತಿಲ್ಲ, ಸಂಭಾವನೆ ಕೊಡಿ, ಚಿತ್ರದ ಕೆಳಗೆ ಹೆಸರೂ ಹಾಕಿ.

ನಿಜವಾದ ತಲೆನೋವು ಕೋಡ್ ಅಲ್ಲ, ಕನ್ನಡ ಅಕ್ಷರ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಹೊರಗಿನಿಂದ ಬರುವ ಯಾವ ಪಾಠವೂ ಇದನ್ನು ಕಲಿಸುವುದಿಲ್ಲ.

‘ಲಿಂಗನಮಕ್ಕಿ’ ಅನ್ನುವ ಹೆಸರು ನಮ್ಮ ಕಣ್ಣಿಗೆ ಐದು ಅಕ್ಷರ. ಜಾವಾಸ್ಕ್ರಿಪ್ಟಿಗೆ ಹತ್ತು. ಗುಡಿಸು ಬೇರೆ, ಸೊನ್ನೆ ಬೇರೆ, ಒತ್ತು ಬೇರೆ ಅಂತ ಅದು ಬಿಡಿಸಿ ಎಣಿಸುತ್ತದೆ. ಈಗ ಚಿತ್ರದ ಡಬ್ಬಿಯಲ್ಲಿ ಹೆಸರು ಹಿಡಿಸಲಿಲ್ಲ, ಎಂಟಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕು ಅಂತ ಇಂಗ್ಲಿಷಿಗೆ ಬರೆದಿಟ್ಟ ಕೋಡ್ ಇರುತ್ತದಲ್ಲ, ಅದು ಇಲ್ಲಿ ‘ಲಿಂಗನಮಕ್…’ ಅಂತ ಮಾಡಿಡುತ್ತದೆ. ಕ ಕಾರದ ತಲೆಗೆ ಅರ್ಧ ಕತ್ತರಿ. ಓದಿದವರು ಟೈಪ್ ಮಾಡಿದವರನ್ನು ಬೈಯುತ್ತಾರೆ. ಹೀಗೆ ಕುರುಡಾಗಿ ಕತ್ತರಿಸದೆ ಅಕ್ಷರದ ಗಡಿ ನೋಡಿಕೊಂಡೇ ಕತ್ತರಿಸಬೇಕು, ಇನ್ನೂ ಒಳ್ಳೆಯದೆಂದರೆ ಕತ್ತರಿಸದೆ ಎರಡು ಸಾಲು ಮಾಡಬೇಕು. ಎರಡು ಸಾಲು ಅಂದರೂ ಒಂದು ತೊಡಕಿದೆ. ವೆಬ್ ಪುಟದ ಮಾಮೂಲಿ ಬರಹ ಜಾಗ ಮುಗಿದರೆ ತಾನೇ ಕೆಳಗಿನ ಸಾಲಿಗೆ ಇಳಿಯುತ್ತದೆ, ಆದರೆ ಗೆರೆ, ಆಕಾರಗಳನ್ನು ಕೋಡಾಗಿಯೇ ಬರೆದಿಡುವ ಎಸ್‌ವಿಜಿ ಚಿತ್ರದೊಳಗಿನ ಬರಹ ಹಾಗೆ ಇಳಿಯುವುದಿಲ್ಲ. ಎಲ್ಲಿ ಮುರಿಯಬೇಕು ಎಂದು ನಾವೇ ಹೇಳಬೇಕು. ‘ತಲಕಳಲೆ ಸಮತೋಲನ ಜಲಾಶಯ’ ಒಂದೇ ಸಾಲಿನಲ್ಲಿ ಬಂದರೆ ಪಕ್ಕದ ಡಬ್ಬಿಯ ಮೇಲೆ ಹೋಗಿ ಕೂರುತ್ತದೆ.

ಒತ್ತಕ್ಷರದ ಕಾಟ ಬೇರೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಡಬ್ಬಿ ಬರೆದರೆ ‘ಶಿವಮೊಗ್ಗ’ದ ಕೆಳಗಿನ ಒತ್ತು ಡಬ್ಬಿಯ ಗೆರೆಗೆ ತಾಗುತ್ತದೆ, ‘ರಾಷ್ಟ್ರೀಯ’ದಂಥ ಪದ ಬಂದರೆ ಗೆರೆ ದಾಟಿಯೇ ಬಿಡುತ್ತದೆ. ಅಂದಾಜಿನಲ್ಲಿ ಎತ್ತರ ಇಡಬಾರದು. ಬರಹವನ್ನು ಮೊದಲು ಬರೆದು, ಅದು ಎಷ್ಟು ಜಾಗ ಹಿಡಿಯಿತು ಅಂತ ಬ್ರೌಸರನ್ನೇ ಕೇಳಿ, ಆಮೇಲೆ ಡಬ್ಬಿ ಬರೆಯಬೇಕು. ಹಾಗೆ ಕೇಳುವುದೂ ಫಾಂಟ್ ಪೂರ್ತಿ ಇಳಿದ ಮೇಲೆಯೇ. ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಲ್ಲ, ಫಾಂಟ್ ತಡವಾಗಿ ಬರುತ್ತದೆ. ಅಷ್ಟರೊಳಗೆ ಫೋನಿನ ಯಾವುದೋ ಫಾಂಟಿನಲ್ಲಿ ಅಳತೆ ತೆಗೆದಿದ್ದರೆ ಎಲ್ಲ ಡಬ್ಬಿಯೂ ಅಳತೆ ತಪ್ಪಿದ ಅಂಗಿಯೇ.

ಇನ್ನೊಂದು ನಿಮ್ಮ ಕಚೇರಿಗೇ ಸಂಬಂಧಿಸಿದ್ದು. ಪುಟ ಕಟ್ಟುವ ಕಡೆ ಇನ್ನೂ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲೇ ಟೈಪ್ ಮಾಡುವ ರೂಢಿ ಹಲವು ಕಡೆ ಇದೆ. ಅಲ್ಲಿಂದ ನೇರ ಎತ್ತಿ ವೆಬ್‌ಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಬಹುಶಃ ಅದಕ್ಕೇ ಫೋಟೊ ಮಾಡಿ ಹಾಕುವ ಸುಲಭದ ದಾರಿ ಹಿಡಿದಿರಬೇಕು. ಯುನಿಕೋಡ್‌ಗೆ, ಅಂದರೆ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಬದಲಾಯಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ, ಈಗಿನ ನುಡಿಯಲ್ಲಿ ನೇರವಾಗಿ ಯುನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಆರು ಅಂಕಿ, ಮೂರು ಹೆಸರಿನ ಪಟ್ಟಿಗೆ ಇದೇನು ಮಹಾ ಕೆಲಸ ಅಲ್ಲ.

ಚಿತ್ರವನ್ನು ಎಸ್‌ವಿಜಿಯಲ್ಲಿ ಮಾಡಿ ಅಂತ ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. 2001ರಿಂದ ವೆಬ್‌ನ ಅಧಿಕೃತ ಮಾನದಂಡಗಳಲ್ಲಿ ಒಂದು ಅದು. ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಒಳಗಿನ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ, ಸರಿಯಾಗಿ ಶೀರ್ಷಿಕೆ, ವಿವರಣೆ ಬರೆದಿಟ್ಟರೆ ಫೋನ್ ಓದಿಯೂ ಹೇಳುತ್ತದೆ. ಕ್ಯಾನ್ವಾಸ್ ಅಂತ ಇನ್ನೊಂದು ದಾರಿ ಇದೆ, ಸಾವಿರಾರು ಚುಕ್ಕಿ ಒಟ್ಟಿಗೆ ಓಡಾಡಬೇಕಾದ ಕಡೆ ಅದು ವೇಗ. ಆದರೆ ಅದರಲ್ಲಿ ಬರೆದ ಅಕ್ಷರ ಮತ್ತೆ ಬರೀ ಬಣ್ಣದ ಚುಕ್ಕಿಗಳೇ, ತಿರುಗಿ ಫೋಟೊ ಕಥೆ. ನಿಮ್ಮ ಪಟ್ಟಿಗೆ ಅದರ ಅಗತ್ಯ ಇಲ್ಲ.

ಮಾಡುವವರಿಗೆ ಇನ್ನೆರಡು ಮಾತು ಹೇಳಿ. ಬೆಂಗಳೂರಿನ ದೊಡ್ಡ ಪರದೆಯ ಮುಂದೆ ಕೂತು, ಮೌಸ್ ಮೇಲೆ ತಂದರೆ ವಿವರ ಕಾಣುವಂತೆ ಮಾಡಿ ಕೈ ತೊಳೆದುಕೊಳ್ಳಬಾರದು. ನಮ್ಮ ಓದುಗರ ಕೈಯಲ್ಲಿರುವುದು ಫೋನ್, ಅದರಲ್ಲಿ ಮೌಸ್ ಎಲ್ಲಿಂದ ಬರಬೇಕು? ಮುಟ್ಟಿದರೆ ತೆರೆಯಬೇಕು, ತೋಟದ ಕೆಲಸ ಮಾಡಿದ ದಪ್ಪ ಬೆರಳಿಗೂ ಸಿಗುವಷ್ಟು ಗುಂಡಿ ದೊಡ್ಡದಿರಬೇಕು. ಇನ್ನು ತೂಕ. ಡಿ3 ಇಡಿಯಾಗಿ ಹಾಕಿದರೂ ಕುಗ್ಗಿಸಿ ಕಳಿಸಿದಾಗ ನೂರು ಕೆಬಿ ದಾಟುವುದಿಲ್ಲ. 2016ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಅದನ್ನು ಬಿಡಿ ಬಿಡಿ ತುಣುಕು ಮಾಡಿದ್ದಾರೆ, ಬೇಕಾದ್ದಷ್ಟೇ ಎತ್ತಿಕೊಳ್ಳಬಹುದು. ಮೊದಲ ಚಿತ್ರವನ್ನು ಸರ್ವರಿನಲ್ಲೇ ಬರೆದು ಪುಟದ ಜೊತೆ ಕಳಿಸಿ, ಕೋಡ್ ಆಮೇಲೆ ನಿಧಾನಕ್ಕೆ ಬರಲಿ. ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆಯೂ ಇವತ್ತಿನ ಮಟ್ಟ ಕಾಣಬೇಕು, ಎಳೆದಾಟ ಬೇಕಾದವರು ಕಾಯುತ್ತಾರೆ.

ಹಾಗಂತ ಎಲ್ಲವನ್ನೂ ಕುಣಿಸಲು ಹೋಗಬೇಡಿ. ಪುಟ ತೆರೆದ ಕೂಡಲೇ ಕಂಬಗಳು ಎದ್ದು ನಿಲ್ಲುವುದು, ಅಂಕಿಗಳು ಗಿರಗಿರ ತಿರುಗುವುದು, ಇದೆಲ್ಲ ಒಂದು ಸಲಕ್ಕೆ ಚೆಂದ. ದಿನಾ ಬೆಳಿಗ್ಗೆ ನೋಡುವವರಿಗೆ ರೇಜಿಗೆ. ಓದುಗರು ಮುಟ್ಟಿದ್ದರಿಂದ ಅವರಿಗೆ ಹೊಸದೇನಾದರೂ ತಿಳಿಯುವುದಿದ್ದರೆ ಮುಟ್ಟುವ ಹಾಗೆ ಮಾಡಿ, ಇಲ್ಲದಿದ್ದರೆ ಸುಮ್ನೆ ನಿಂತ ಚಿತ್ರವೇ ವಾಸಿ. ತಾಲ್ಲೂಕುವಾರು ಮಳೆ ಎಷ್ಟು ಅನ್ನುವುದಕ್ಕೆ ಚಿತ್ರವೂ ಬೇಡ, ಅಚ್ಚುಕಟ್ಟಾದ ಒಂದು ಪಟ್ಟಿ ಸಾಕು. ಅಕ್ಷರದಲ್ಲಿರಲಿ, ಫೋಟೊದಲ್ಲಿ ಬೇಡ. ತುಂಬಿದ್ದಕ್ಕೆ ಹಸಿರು, ತುಂಬದ್ದಕ್ಕೆ ಕೆಂಪು ಅಂತ ಬರೀ ಬಣ್ಣದಲ್ಲಿ ಹೇಳುವುದನ್ನೂ ಬಿಡಿ, ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ.

ಅಡಿಕೆ ಧಾರಣೆಗೂ ಇದು ಅನ್ವಯಿಸುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ದಿನಾ ಹಾಕುತ್ತೀರಿ, ಹಿಂದಿನ ವಾರದ್ದು ಬೇಕೆಂದರೆ ಹಳೆಯ ಪತ್ರಿಕೆ ಕಟ್ಟು ಬಿಚ್ಚಬೇಕು. ಅದು ಇನ್ನೊಂದು ಪತ್ರಕ್ಕೆ ಇರಲಿ.

ಈ ಕೆಲಸ ಶುರುವಾಗಬೇಕಾದದ್ದು ಕೋಡ್‌ನಿಂದ ಅಲ್ಲ, ನಿಮ್ಮ ಡೆಸ್ಕಿನಿಂದ. ದಿನಾ ಅಂಕಿ ಬಂದಾಗ ಅದನ್ನು ಚಿತ್ರದ ಫೈಲಿಗೆ ಟೈಪ್ ಮಾಡುವ ಬದಲು ಒಂದು ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಸೇರಿಸಿ: ದಿನಾಂಕ, ಜಲಾಶಯ, ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ. ‘1,790.5 ಅಡಿ (ನಿನ್ನೆ)’ ಅಂತ ಒಂದೇ ಮನೆಯಲ್ಲಿ ತುರುಕಬೇಡಿ, ಅಂಕಿಯ ಮನೆಯಲ್ಲಿ ಬರೀ ಅಂಕಿ ಇರಲಿ. ಮಾಹಿತಿ ಬರದ ದಿನ ಮನೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಹಾಕಿದರೆ ಆವತ್ತು ಚಿತ್ರದಲ್ಲಿ ಭದ್ರಾ ಪೂರ್ತಿ ಬರಿದು. ಇಷ್ಟು ಮಾಡಿದರೆ ಮುಂದಿನದನ್ನು ನಾವು ಒಂದಿಬ್ಬರು ಸೇರಿ ಮಳೆಗಾಲ ಶುರುವಾಗುವುದರೊಳಗೆ ಕಟ್ಟಿ ತೋರಿಸುತ್ತೇವೆ. ಒಪ್ಪಿಗೆಯಾದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಒಂದು ಮಾತ್ರ ನಿಮ್ಮಿಂದಲೇ ಆಗಬೇಕು. ಲಿಂಗನಮಕ್ಕಿಯಲ್ಲಿ ಯಾವ ಅಡಿಗೆ ಎಷ್ಟು ಟಿಎಂಸಿ ಎಂಬ ಪೂರ್ತಿ ಪಟ್ಟಿ ಬೇಕು, ಅದಿಲ್ಲದೆ ಆ ಎಳೆಯುವ ಗೆರೆಯ ಚಿತ್ರ ಆಗುವುದಿಲ್ಲ. ನನ್ನಂಥವನು ಹೋಗಿ ಕೇಳಿದರೆ ‘ಯಾಕೆ, ಯಾರು ಕಳಿಸಿದ್ದು’ ಅಂತ ಶುರುವಾಗುತ್ತದೆ. ನಿಮ್ಮ ವರದಿಗಾರರು ಕೇಳಿದರೆ ಕುರ್ಚಿ ಹಾಕಿ ಕೂರಿಸಿ ಕೊಡುತ್ತಾರೆ.

ಇಂತಿ ನಿಮ್ಮ ಓದುಗ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ